ಲೋಕಲ್‌ನಲ್ಲಿ ಪಾಸ್, ಸಿಐನಲ್ಲಿ ಫೇಲ್: ಆ್ಯಪಿಯಂ ಬಿಟ್ಟು ಬೇರೆ ಟೂಲ್‌ಗೆ ಹೋಗಬೇಕಾ?

ಹಸಿರುಬಿಲ್ಡ್
ನಮ್ಮದು ರಿಯಾಕ್ಟ್ ನೇಟಿವ್ ಆ್ಯಪ್, ಆಂಡ್ರಾಯ್ಡ್ ಮತ್ತು ಐಒಎಸ್ ಎರಡಕ್ಕೂ. ಅದೇ ಲಾಜಿಕ್ ಇಟ್ಟುಕೊಂಡು ಡೆಸ್ಕ್‌ಟಾಪ್‌ಗೆ ಎಲೆಕ್ಟ್ರಾನ್ ಆವೃತ್ತಿ ಇದೆ. ಮೊಬೈಲ್ ಕಡೆಯ ಯುಐ ಟೆಸ್ಟ್ ಸುಮಾರು 200, ಎಲ್ಲ ಆ್ಯಪಿಯಂ 2ರಲ್ಲಿ (ಬಳಕೆದಾರರ ಹಾಗೆ ಆ್ಯಪ್ ಒತ್ತಿ ನೋಡೋ ಟೆಸ್ಟ್ ಟೂಲ್). ಮೆಷಿನ್‌ನಲ್ಲಿ ಓಡಿಸಿದರೆ ಎಲ್ಲ ಹಸಿರು. ಸಿಐಗೆ (ಬಿಲ್ಡ್ ಮತ್ತು ಟೆಸ್ಟ್ ತಾನಾಗಿ ಓಡಿಸೋ ಸರ್ವರ್) ಹೋದರೆ ದಿನಕ್ಕೊಂದು ಹೊಸ ಟೆಸ್ಟ್ ಕೆಂಪು, ಮತ್ತೆ ಓಡಿಸಿದರೆ ಪಾಸ್.

ಕಾಣೋ ಲಕ್ಷಣ ಮೂರು. ಒಂದು, "ಎಲಿಮೆಂಟ್ ಸಿಗಲಿಲ್ಲ" ಅನ್ನುತ್ತೆ, ಸ್ಕ್ರೀನ್‌ಶಾಟ್ ನೋಡಿದರೆ ಬಟನ್ ಕಣ್ಣೆದುರೇ ಇದೆ. ಎರಡು, ಟ್ಯಾಪ್ ಆಯ್ತು ಅಂತ ಲಾಗ್ ಹೇಳುತ್ತೆ, ಮುಂದಿನ ಸ್ಕ್ರೀನ್ ಬರಲ್ಲ. ಮೂರು, ಐಒಎಸ್‌ನಲ್ಲಿ ಒಂದು ಎಲಿಮೆಂಟ್ ಹುಡುಕೋಕೆ 20-30 ಸೆಕೆಂಡ್ ತಗೊಳ್ಳುತ್ತೆ.

ಡೀಟಾಕ್ಸ್‌ಗೆ ಹೋಗೋದಾ, ಮ್ಯಾಸ್ಟ್ರೋಗೆ ಹೋಗೋದಾ, ಇಲ್ಲ ಆಂಡ್ರಾಯ್ಡ್‌ನ ಎಸ್ಪ್ರೆಸೊ ಮತ್ತು ಐಒಎಸ್‌ನ ಎಕ್ಸ್‌ಸಿಯುಐಟೆಸ್ಟ್‌ನಲ್ಲಿ ಬೇರೆ ಬೇರೆ ಬರೆಯೋದಾ? ಬಳಸಿದವರು ಹೇಳಿ.

ಯಮಲ್‌ಪ್ರಿಯ
ಮ್ಯಾಸ್ಟ್ರೋ. ಯಮಲ್ ಫೈಲಲ್ಲಿ ಹತ್ತು ಸಾಲು ಬರೆದರೆ ಒಂದು ಫ್ಲೋ ಮುಗೀತು. ಕಾಯೋದನ್ನ ಅದೇ ನೋಡಿಕೊಳ್ಳುತ್ತೆ, ಸ್ಲೀಪ್ ಬರೆಯೋ ಕೆಲಸವೇ ಇಲ್ಲ. ಕ್ಲಿಯರ್‌ಸ್ಟೇಟ್ ಟ್ರೂ ಅಂತ ಕೊಟ್ಟರೆ ಪ್ರತಿ ಸಲ ಆ್ಯಪ್ ಡೇಟಾ ಅಳಿಸಿ ಶುರು ಮಾಡುತ್ತೆ.

ಹಳೇಟರ್ಮಿನಲ್
200 ಟೆಸ್ಟ್ ಮತ್ತೆ ಬರೀಬೇಕು ಅಂದ್ರೆ ತಿಂಗಳುಗಟ್ಟಲೆ ಕೆಲಸ ಸ್ವಾಮಿ. ಕಾರಣ ಗೊತ್ತಿಲ್ಲದೆ ಟೂಲ್ ಬದಲಿಸಿದರೆ ಅದೇ ಕಾಯಿಲೆ ಹೊಸ ಟೂಲ್‌ಗೂ ಬರುತ್ತೆ. ಇವರು ಹೇಳಿದ ಮೂರು ಲಕ್ಷಣಕ್ಕೆ ಮೂರು ಬೇರೆ ಕಾರಣ ಇರೋ ಹಾಗಿದೆ.

@ಹಸಿರುಬಿಲ್ಡ್, ಫೇಲ್ ಆದಾಗ ಏನೇನು ಉಳಿಸ್ತೀರಿ? ಸ್ಕ್ರೀನ್‌ಶಾಟ್ ಒಂದೇ ಸಾಲದು. ಆ ಕ್ಷಣದ ಪೇಜ್ ಸೋರ್ಸ್ (ಟೂಲ್‌ಗೆ ಕಾಣೋ ಎಲಿಮೆಂಟ್‌ಗಳ ಮರ), ಥ್ರೆಡ್‌ಟೈಮ್ ಫಾರ್ಮ್ಯಾಟ್‌ನಲ್ಲಿ ಎಲ್ಲ ಬಫರ್‌ಗಳ ಲಾಗ್‌ಕ್ಯಾಟ್ (ಆಂಡ್ರಾಯ್ಡ್‌ನ ಸಿಸ್ಟಂ ಲಾಗ್), ಆ್ಯಪಿಯಂ ಸರ್ವರ್ ಲಾಗ್, ಜೊತೆಗೆ ವಿಡಿಯೊ, ಇಷ್ಟೂ ಬೇಕು. ಎಡಿಬಿಯ (ಕಂಪ್ಯೂಟರ್‌ನಿಂದ ಆಂಡ್ರಾಯ್ಡ್‌ಗೆ ಆಜ್ಞೆ ಕೊಡೋ ಟೂಲ್) ಸ್ಕ್ರೀನ್‌ರೆಕಾರ್ಡ್ 3 ನಿಮಿಷಕ್ಕೆ ತಾನಾಗಿ ನಿಲ್ಲುತ್ತೆ, ಹಾಗಾಗಿ ಟೆಸ್ಟ್‌ಗೊಂದು ಫೈಲ್ ಮಾಡಿ. ಐಒಎಸ್ ಸಿಮ್ಯುಲೇಟರ್‌ಗೆ ಸಿಮ್‌ಸಿಟಿಎಲ್‌ನ ರೆಕಾರ್ಡ್‌ವಿಡಿಯೊ ಇದೆ.

ಸ್ಕ್ರೀನ್‌ಶಾಟ್‌ನಲ್ಲಿ ಬಟನ್ ಇದೆ, ಪೇಜ್ ಸೋರ್ಸ್‌ನಲ್ಲಿ ಇಲ್ಲ ಅಂದ್ರೆ ಟೂಲ್‌ಗೆ ಬಟನ್ ಕಾಣ್ತಾನೇ ಇಲ್ಲ, ಅದು ಒಂದು ದಾರಿ. ಎರಡರಲ್ಲೂ ಇದೆ, ಆದರೂ ಸಿಗಲಿಲ್ಲ ಅಂದ್ರೆ ಟೈಮಿಂಗ್: ಹುಡುಕಿದ್ದು ಮೊದಲು, ಬಟನ್ ಬಂದಿದ್ದು ಆಮೇಲೆ, ಸ್ಕ್ರೀನ್‌ಶಾಟ್ ತೆಗೆದಿದ್ದು ಅದಕ್ಕೂ ಆಮೇಲೆ.

ಹಸಿರುಬಿಲ್ಡ್
ಈಗ ಸ್ಕ್ರೀನ್‌ಶಾಟ್ ಮತ್ತು ಸರ್ವರ್ ಲಾಗ್ ಮಾತ್ರ ಇದೆ, ಉಳಿದದ್ದು ಇವತ್ತೇ ಸೇರಿಸ್ತೀನಿ. ಸೆಟ್ಟಿಂಗ್ ಹೀಗಿದೆ: ಇಂಪ್ಲಿಸಿಟ್ ವೇಟ್ (ಪ್ರತಿ ಹುಡುಕಾಟಕ್ಕೂ ತಾನಾಗಿ ಕಾಯೋದು) 10 ಸೆಕೆಂಡ್, ಕೆಲವು ಕಡೆ ಎಕ್ಸ್‌ಪ್ಲಿಸಿಟ್ ವೇಟ್ (ನಾವೇ ಷರತ್ತು ಬರೆದು ಕಾಯಿಸೋದು) 15, ಮಧ್ಯೆ ಮಧ್ಯೆ ಸ್ಲೀಪ್. ಲೊಕೇಟರ್ ಬಹುಪಾಲು ಎಕ್ಸ್‌ಪಾತ್ (ಮರದಲ್ಲಿ ದಾರಿ ಬರೆದು ಎಲಿಮೆಂಟ್ ಹುಡುಕೋದು). ನೋರೀಸೆಟ್ ಟ್ರೂ, ಅಂದ್ರೆ ಟೆಸ್ಟ್‌ಗಳ ಮಧ್ಯೆ ಆ್ಯಪ್ ಡೇಟಾ ಅಳಿಸಲ್ಲ, ಲಾಗಿನ್ ಸಮಯ ಉಳಿಯಲಿ ಅಂತ. ಎಮ್ಯುಲೇಟರ್ ಪ್ರತಿ ಜಾಬ್‌ಗೆ ಹೊಸದಾಗಿ ಶುರುವಾಗುತ್ತೆ.

ತಾಳ್ಮೆಟೆಸ್ಟರ್
ಇದರಲ್ಲೇ ಅರ್ಧ ಉತ್ತರ ಇದೆ.

ಇಂಪ್ಲಿಸಿಟ್ ಮತ್ತು ಎಕ್ಸ್‌ಪ್ಲಿಸಿಟ್ ವೇಟ್ ಎರಡನ್ನೂ ಬೆರೆಸಲೇಬೇಡಿ. ಎಕ್ಸ್‌ಪ್ಲಿಸಿಟ್ ವೇಟ್ ಅರ್ಧ ಸೆಕೆಂಡಿಗೊಮ್ಮೆ ಕೇಳ್ತಾ ಇರುತ್ತೆ ಅಂದ್ಕೊಂಡಿರ್ತೀರಿ. ಆದರೆ ಒಂದೊಂದು ಸಲ ಕೇಳಿದಾಗಲೂ ಸರ್ವರ್ ಕಡೆ ಇಂಪ್ಲಿಸಿಟ್ ವೇಟ್ 10 ಸೆಕೆಂಡ್ ಹಿಡಿದು ಕೂರುತ್ತೆ. 15 ಸೆಕೆಂಡ್ ಅಂತ ಬರೆದದ್ದು 20 ಆಗುತ್ತೆ. "ಈ ಎಲಿಮೆಂಟ್ ಮಾಯವಾಗೋ ತನಕ ಕಾಯಿ" ಅಂತ ಬರೆದ ಕಡೆ ಇನ್ನೂ ಕಷ್ಟ, ಅದು ಮಾಯವಾದ ಮೇಲೂ 10 ಸೆಕೆಂಡ್ ಸುಮ್ಮನೆ ಕಾಯುತ್ತೆ. ಇಂಪ್ಲಿಸಿಟ್ ಅನ್ನು 0 ಮಾಡಿ, ಎಲ್ಲ ಕಡೆ ಎಕ್ಸ್‌ಪ್ಲಿಸಿಟ್ ಇಡಿ, ಸ್ಲೀಪ್‌ಗಳನ್ನ ಒಂದೊಂದಾಗಿ ಕಿತ್ತುಹಾಕಿ.

"ಟ್ಯಾಪ್ ಆಯ್ತು, ಸ್ಕ್ರೀನ್ ಬರಲಿಲ್ಲ" ಅನ್ನೋದಕ್ಕೆ ಅನಿಮೇಶನ್ ಮೇಲೆ ಮೊದಲ ಅನುಮಾನ. ಸ್ಕ್ರೀನ್ ಜಾರಿಕೊಂಡು ಬರ್ತಾ ಇರುವಾಗ ಟೂಲ್ ಬಟನ್‌ನ ಜಾಗ ಓದುತ್ತೆ, ಟ್ಯಾಪ್ ಬೀಳೋ ಹೊತ್ತಿಗೆ ಬಟನ್ ಪಕ್ಕಕ್ಕೆ ಸರಿದಿರುತ್ತೆ. ಟ್ಯಾಪ್ ನಿಜವಾಗಿಯೂ ಆಗಿದೆ, ಖಾಲಿ ಜಾಗದ ಮೇಲೆ. ಆಂಡ್ರಾಯ್ಡ್‌ನಲ್ಲಿ ವಿಂಡೋ, ಟ್ರಾನ್ಸಿಶನ್, ಆ್ಯನಿಮೇಟರ್ ಅಂತ ಮೂರು ಸ್ಕೇಲ್ ಇವೆ, ಮೂರನ್ನೂ ಎಡಿಬಿ ಸೆಟ್ಟಿಂಗ್ಸ್ ಪುಟ್ ಗ್ಲೋಬಲ್ ಮೂಲಕ 0 ಮಾಡಿ. ಜಾವಾಸ್ಕ್ರಿಪ್ಟ್ ಕಡೆಯಿಂದ ಓಡೋ ಅನಿಮೇಶನ್ ಇದನ್ನ ಕೇಳೋದಿಲ್ಲ. ಅದಕ್ಕೆ ಟೆಸ್ಟ್ ಬಿಲ್ಡ್‌ನಲ್ಲೇ ಒಂದು ಫ್ಲ್ಯಾಗ್ ಇಟ್ಟು ಅವಧಿ ಸೊನ್ನೆ ಮಾಡಬೇಕು.

ಇನ್ನೊಂದು: ಆ್ಯಪಿಯಂ ಆಂಡ್ರಾಯ್ಡ್‌ಗೆ ಬಳಸೋ ಯುಐಆಟೋಮೇಟರ್2 ಡ್ರೈವರ್ ಪ್ರತಿ ಕ್ರಿಯೆಗೂ ಮೊದಲು ಸ್ಕ್ರೀನ್ ಶಾಂತ ಆಗಲಿ ಅಂತ ಕಾಯುತ್ತೆ. ವೇಟ್‌ಫಾರ್‌ಐಡಲ್‌ಟೈಮ್‌ಔಟ್ ಡೀಫಾಲ್ಟ್ 10,000 ಮಿಲಿಸೆಕೆಂಡ್. ನಿಮ್ಮ ಪುಟದಲ್ಲಿ ತಿರುಗೋ ಲೋಡರ್ ಅಥವಾ ಓಡೋ ಬ್ಯಾನರ್ ಇದ್ದರೆ ಅದು ಎಂದೂ ಶಾಂತ ಆಗಲ್ಲ, ಪ್ರತಿ ಹೆಜ್ಜೆಗೂ 10 ಸೆಕೆಂಡ್ ದಂಡ. ಅಂಥ ಪುಟಗಳಲ್ಲಿ ಮಾತ್ರ ಇಳಿಸಿ. ಎಲ್ಲ ಕಡೆ 0 ಇಟ್ಟರೆ ಅವಸರಕ್ಕೆ ಬಿದ್ದು ಬೇರೆ ಟೆಸ್ಟ್‌ಗಳು ಮುರಿಯುತ್ತವೆ.

ಸೇಬುತೋಟ
ಐಒಎಸ್ ಭಾಗ ನಾನು ಹೇಳ್ತೀನಿ.

30 ಸೆಕೆಂಡ್ ಎಲ್ಲಿ ಹೋಗುತ್ತೆ? ಎಕ್ಸ್‌ಪಾತ್ ಅನ್ನೋದು ಆ್ಯಪಲ್‌ನ ಚೌಕಟ್ಟಿಗೆ ಗೊತ್ತೇ ಇಲ್ಲ. ಆ್ಯಪಿಯಂ ಐಒಎಸ್‌ಗೆ ಬಳಸೋ ವೆಬ್‌ಡ್ರೈವರ್‌ಏಜೆಂಟ್ ಇಡೀ ಎಲಿಮೆಂಟ್ ಮರದ ಸ್ನ್ಯಾಪ್‌ಶಾಟ್ ತೆಗೆದು, ಅದನ್ನ ಎಕ್ಸ್‌ಎಂಎಲ್ ಮಾಡಿ, ಅದರ ಮೇಲೆ ನಿಮ್ಮ ಎಕ್ಸ್‌ಪಾತ್ ಓಡಿಸುತ್ತೆ. ಪ್ರತಿ ಹುಡುಕಾಟಕ್ಕೂ ಇದೇ ಕಥೆ. ಉದ್ದದ ಲಿಸ್ಟ್ ಇದ್ದ ಪುಟದಲ್ಲಿ ಮರ ದೊಡ್ಡದು, ಸಮಯವೂ ಜಾಸ್ತಿ. ಅಕ್ಸೆಸಿಬಿಲಿಟಿ ಐಡಿ ಮೊದಲ ಆಯ್ಕೆ, ಆಗದಿದ್ದರೆ ಪ್ರೆಡಿಕೇಟ್ ಸ್ಟ್ರಿಂಗ್, ಅದೂ ಆಗದಿದ್ದರೆ ಕ್ಲಾಸ್ ಚೈನ್. ಎಕ್ಸ್‌ಪಾತ್ ಬೇಡವೇ ಬೇಡ.

ಈಗ "ಕಣ್ಣೆದುರೇ ಇದೆ, ಸಿಗಲ್ಲ" ಅನ್ನೋದು. ರಿಯಾಕ್ಟ್ ನೇಟಿವ್‌ನಲ್ಲಿ ಇದಕ್ಕೆ ಎರಡು ಕಾರಣ ಪದೇ ಪದೇ ಬರುತ್ತವೆ.

ಮೊದಲನೆಯದು ಆಳ. ಸ್ನ್ಯಾಪ್‌ಶಾಟ್‌ಮ್ಯಾಕ್ಸ್‌ಡೆಪ್ತ್ ಅಂತ ಒಂದು ಸೆಟ್ಟಿಂಗ್ ಇದೆ, ಡೀಫಾಲ್ಟ್ 50. ನ್ಯಾವಿಗೇಶನ್ ಲೈಬ್ರರಿ, ಪ್ರೊವೈಡರ್, ವ್ಯೂ ಒಳಗೆ ವ್ಯೂ ಅಂತ ಹೋಗ್ತಾ ಹೋಗ್ತಾ 50 ದಾಟೋದು ಕಷ್ಟವೇ ಅಲ್ಲ. ಅದರ ಕೆಳಗಿನದ್ದು ಪೇಜ್ ಸೋರ್ಸ್‌ಗೆ ಬರೋದೇ ಇಲ್ಲ. 62-65ಕ್ಕೆ ಏರಿಸಿ ನೋಡಿ. ಸುಮ್ಮನೆ 200 ಇಡಬೇಡಿ, ಸ್ನ್ಯಾಪ್‌ಶಾಟ್ ನಿಧಾನ ಆಗುತ್ತೆ, ಕೆಲವೊಮ್ಮೆ ವಿಫಲವೂ ಆಗುತ್ತೆ.

ಎರಡನೆಯದು ಅಕ್ಸೆಸಿಬಲ್ ಅನ್ನೋ ಪ್ರಾಪ್ (ಕಾಂಪೊನೆಂಟ್‌ಗೆ ಕೊಡೋ ಸೆಟ್ಟಿಂಗ್). ಐಒಎಸ್‌ನಲ್ಲಿ ತಂದೆ ಎಲಿಮೆಂಟ್ ಅಕ್ಸೆಸಿಬಲ್ ಆದರೆ ಒಳಗಿನ ಮಕ್ಕಳೆಲ್ಲ ಅದರಲ್ಲಿ ಸೇರಿ ಒಂದೇ ಎಲಿಮೆಂಟ್ ಆಗ್ತವೆ. ಟಚಬಲ್‌ಒಪಾಸಿಟಿ ಮತ್ತು ಪ್ರೆಸಬಲ್ ಹುಟ್ಟಿನಿಂದಲೇ ಅಕ್ಸೆಸಿಬಲ್. ಇಡೀ ಕಾರ್ಡನ್ನು ಟಚಬಲ್ ಮಾಡಿ, ಒಳಗೆ "ಅಳಿಸು" ಬಟನ್ ಇಟ್ಟು ಅದಕ್ಕೆ ಟೆಸ್ಟ್‌ಐಡಿ ಕೊಟ್ಟರೆ, ಆಂಡ್ರಾಯ್ಡ್‌ನಲ್ಲಿ ಸಿಗುತ್ತೆ, ಐಒಎಸ್‌ನಲ್ಲಿ ಸಿಗಲ್ಲ. ಪೇಜ್ ಸೋರ್ಸ್‌ನಲ್ಲಿ ಕಾರ್ಡ್‌ನ ಎಲ್ಲ ಪಠ್ಯ ಒಂದೇ ಲೇಬಲ್‌ನಲ್ಲಿ ಉದ್ದಕ್ಕೆ ಸೇರಿಕೊಂಡಿರುತ್ತೆ, ಅದೇ ಗುರುತು. ಕಾರ್ಡ್‌ಗೆ ಅಕ್ಸೆಸಿಬಲ್ ಫಾಲ್ಸ್ ಕೊಡಿ, ಒಳಗಿನ ಬಟನ್‌ಗಳು ಹೊರಬರ್ತವೆ.

ಇದು ಬರೀ ಟೆಸ್ಟ್‌ನ ತಕರಾರು ಅಂತ ತಳ್ಳಿಹಾಕಬೇಡಿ. ಟೆಸ್ಟ್‌ಗೆ ಕಾಣದ ಆ ಬಟನ್ ವಾಯ್ಸ್‌ಓವರ್ (ಸ್ಕ್ರೀನ್ ಓದಿ ಹೇಳೋ ಸೌಲಭ್ಯ) ಬಳಸೋ ದೃಷ್ಟಿ ಇಲ್ಲದವರಿಗೂ ಸಿಗಲ್ಲ. ಅವರಿಗೆ ನಿಮ್ಮ ಆ್ಯಪ್‌ನಲ್ಲಿ "ಅಳಿಸು" ಅನ್ನೋದೇ ಇಲ್ಲ. ಇದನ್ನ ಆ್ಯಪ್‌ನ ಬಗ್ ಅಂತಲೇ ದಾಖಲಿಸಿ. ಕಾರ್ಡ್‌ಗೆ ಫಾಲ್ಸ್ ಕೊಟ್ಟ ಮೇಲೆ ಶೀರ್ಷಿಕೆಗೂ ಕಾರ್ಡ್ ತೆರೆಯೋ ಕ್ರಿಯೆಗೂ ಬೇರೆಯಾಗಿ ಲೇಬಲ್ ಇದೆಯಾ ಅಂತ ವಾಯ್ಸ್‌ಓವರ್ ಆನ್ ಮಾಡಿ ಖುದ್ದು ಕೇಳಿ.

ಹಸಿರುಬಿಲ್ಡ್
ಕಾರ್ಡ್ ವಿಷಯ ಸರಿಯಾಗಿ ಹೇಳಿದ್ರಿ. ಪೇಜ್ ಸೋರ್ಸ್ ತೆಗೆದೆ: ಶೀರ್ಷಿಕೆ, ದಿನಾಂಕ, "ಅಳಿಸು", "ಹಂಚಿಕೊಳ್ಳಿ" ನಾಲ್ಕೂ ಒಂದೇ ಲೇಬಲ್. ಐಒಎಸ್‌ನ ಫೇಲ್‌ಗಳಲ್ಲಿ ಹೆಚ್ಚಿನವು ಇದೇ ಸ್ಕ್ರೀನ್‌ನವು. ಮೊದಲು ಇವು ಪಾಸ್ ಆಗ್ತಿದ್ದದ್ದು ಹೇಗೆ ಅಂದ್ರೆ ಹಳೇ ಟೆಸ್ಟ್ ಸ್ಕ್ರೀನ್‌ನ ಎಕ್ಸ್-ವೈ ಜಾಗದ ಮೇಲೆ ಟ್ಯಾಪ್ ಮಾಡ್ತಿತ್ತು.

ಸೇಬುತೋಟ
ಹಾಗಾದ್ರೆ ಸಿಐನಲ್ಲಿರೋ ಸಿಮ್ಯುಲೇಟರ್ ಮಾಡೆಲ್ ಬೇರೆ ಇದ್ದು ಜಾಗ ತಪ್ಪಿರುತ್ತೆ. ಎಕ್ಸ್-ವೈ ಟ್ಯಾಪ್ ಎಲ್ಲೆಲ್ಲಿದೆ ಹುಡುಕಿ ತೆಗೀರಿ.

ಬೂಟ್‌ಲೂಪ್
ಆಂಡ್ರಾಯ್ಡ್ ಎಮ್ಯುಲೇಟರ್ ಬಗ್ಗೆ ಯಾರೂ ಕೇಳಲಿಲ್ಲ, ಸಿಐನಲ್ಲಿ ಮಾತ್ರ ಬೀಳೋದಕ್ಕೆ ಅದೇ ದೊಡ್ಡ ಕಾರಣ.

ಮೊದಲು ಕೆವಿಎಂ (ಎಮ್ಯುಲೇಟರ್‌ಗೆ ವೇಗ ಕೊಡೋ ಲಿನಕ್ಸ್‌ನ ವರ್ಚುವಲೈಸೇಶನ್) ಇದೆಯಾ ನೋಡಿ. ಲಿನಕ್ಸ್ ರನ್ನರ್‌ನಲ್ಲಿ (ಸಿಐ ಜಾಬ್ ಓಡೋ ಮೆಷಿನ್) ಡೆವ್ ಅಡಿಯ ಕೆವಿಎಂ ಫೈಲ್ ಇರಬೇಕು, ಜಾಬ್ ಓಡಿಸೋ ಬಳಕೆದಾರನಿಗೆ ಅದನ್ನ ಓದೋ-ಬರೆಯೋ ಅನುಮತಿ ಇರಬೇಕು. ಫೈಲ್ ಇದ್ದು ಅನುಮತಿ ಇಲ್ಲದ ಪ್ರಸಂಗ ಬಹಳ, ಅದಕ್ಕೊಂದು ಯುಡೆವ್ ನಿಯಮ ಸೇರಿಸಬೇಕಾಗುತ್ತೆ. ಎಮ್ಯುಲೇಟರ್‌ಗೆ ಆ್ಯಕ್ಸೆಲ್-ಚೆಕ್ ಅಂತ ಆಯ್ಕೆ ಇದೆ, ಜಾಬ್‌ನ ಮೊದಲ ಹೆಜ್ಜೆಯಲ್ಲೇ ಅದನ್ನ ಓಡಿಸಿ. ಮ್ಯಾಕ್ ರನ್ನರ್‌ನಲ್ಲಿ ಆಂಡ್ರಾಯ್ಡ್ ಓಡಿಸೋ ಯೋಚನೆ ಇದ್ದರೆ ಬಿಡಿ. ಎಂ1, ಎಂ2 ಚಿಪ್‌ನ ವರ್ಚುವಲ್ ಮೆಷಿನ್ ಒಳಗೆ ಮತ್ತೊಂದು ವರ್ಚುವಲೈಸೇಶನ್ ನಡೆಯಲ್ಲ. ಎಂ3ಯಿಂದ ಮುಂದೆ, ಮ್ಯಾಕ್‌ಒಎಸ್ 15 ಇದ್ದರೆ ಮಾತ್ರ ದಾರಿ ಇದೆ.

ಎರಡನೇದು, ಬೂಟ್ ಆಗೋ ತನಕ ಕಾಯೋದು. ಎಡಿಬಿ ವೇಟ್-ಫಾರ್-ಡಿವೈಸ್ ಅಷ್ಟೇ ಹಾಕಿದರೆ ಸಾಲದು. ಎಡಿಬಿ ಸಿಕ್ಕ ತಕ್ಷಣ ಅದು ಮುಗಿಯುತ್ತೆ, ಆಗ ಆಂಡ್ರಾಯ್ಡ್ ಇನ್ನೂ ಏಳ್ತಾ ಇರುತ್ತೆ. ಗೆಟ್‌ಪ್ರಾಪ್‌ನಲ್ಲಿ ಸಿಸ್ ಡಾಟ್ ಬೂಟ್_ಕಂಪ್ಲೀಟೆಡ್ 1 ಆಗೋ ತನಕ ಲೂಪ್‌ನಲ್ಲಿ ಕೇಳಿ. ಅದಾದ ಮೇಲೂ ಲಾಂಚರ್ ಸ್ವಲ್ಪ ಹೊತ್ತು ಒದ್ದಾಡುತ್ತೆ. ನಿಧಾನದ ಮೆಷಿನ್‌ನಲ್ಲಿ "ಸಿಸ್ಟಂ ಯುಐ ಸ್ಪಂದಿಸುತ್ತಿಲ್ಲ" ಅನ್ನೋ ಡೈಲಾಗ್ ನಿಮ್ಮ ಆ್ಯಪ್ ಮೇಲೆ ಬಂದು ಕೂರುತ್ತೆ, ಟ್ಯಾಪ್ ಎಲ್ಲ ಅದರ ಮೇಲೆ ಬೀಳುತ್ತೆ. ಗ್ಲೋಬಲ್ ಸೆಟ್ಟಿಂಗ್‌ನಲ್ಲಿ ಹೈಡ್_ಎರರ್_ಡೈಲಾಗ್ಸ್ 1 ಮಾಡಿದರೆ ಅದು ಬರಲ್ಲ. ಆದರೆ ನಿಮ್ಮ ಆ್ಯಪ್‌ನದೇ ಎಎನ್‌ಆರ್ ("ಸ್ಪಂದಿಸುತ್ತಿಲ್ಲ" ಅನ್ನೋ ದೋಷ) ಕೂಡ ಕಣ್ಣಿಗೆ ಬೀಳಲ್ಲ, ಹಾಗಾಗಿ ಲಾಗ್‌ಕ್ಯಾಟ್‌ನಲ್ಲಿ ಎಎನ್‌ಆರ್ ಇದ್ದರೆ ಟೆಸ್ಟ್ ಫೇಲ್ ಮಾಡೋ ತಪಾಸಣೆ ಬರೀರಿ.

ಶುರು ಮಾಡೋವಾಗ ನೋ-ವಿಂಡೋ, ನೋ-ಬೂಟ್-ಆ್ಯನಿಮ್, ನೋ-ಆಡಿಯೊ, ನೋ-ಸ್ನ್ಯಾಪ್‌ಶಾಟ್, ಜಿಪಿಯು ಇಲ್ಲದ ಕಡೆ ಸ್ವಿಫ್ಟ್‌ಶೇಡರ್. ಮೆಮೊರಿ 4096, ಕೋರ್ 2ಕ್ಕಿಂತ ಕಡಿಮೆ ಬೇಡ. ಎಪಿಐ 30ರಿಂದ ಈಚೆಗೆ ಎಟಿಡಿ ಅಂತ ಟೆಸ್ಟ್‌ಗೇ ಹಗುರ ಮಾಡಿದ ಇಮೇಜ್ ಸಿಗುತ್ತೆ, ಬೇಡದ ಆ್ಯಪ್ ಮತ್ತು ಹಿನ್ನೆಲೆ ಸೇವೆ ತೆಗೆದಿರ್ತಾರೆ. ಅದರಲ್ಲಿ ಹಾರ್ಡ್‌ವೇರ್ ರೆಂಡರಿಂಗ್ ಆಫ್, ಸ್ಕ್ರೀನ್‌ಶಾಟ್ ಹೋಲಿಸೋ ಟೆಸ್ಟ್ ಇದ್ದರೆ ಅದಕ್ಕೆ ಮಾಮೂಲಿ ಇಮೇಜ್ ಇಟ್ಟುಕೊಳ್ಳಿ.

ಲೋಕಲ್‌ನಲ್ಲಿ ಈ ಫೇಲ್‌ಗಳನ್ನ ನೋಡಬೇಕಾ? ನಿಮ್ಮ ಎಮ್ಯುಲೇಟರ್‌ಗೆ ಕೋರ್ 1 ಕೊಟ್ಟು, ಪಕ್ಕದಲ್ಲಿ ಒಂದು ದೊಡ್ಡ ಬಿಲ್ಡ್ ಓಡಿಸಿ. ಸಿಐನಲ್ಲಿ ಮಾತ್ರ ಬೀಳೋ ಟೆಸ್ಟ್‌ಗಳು ಅಲ್ಲೇ ಬೀಳೋಕೆ ಶುರುವಾಗ್ತವೆ.

ಯಮಲ್‌ಪ್ರಿಯ
ಇಷ್ಟೆಲ್ಲ ಯಾಕೆ? ಫೇಲ್ ಆದರೆ ಇನ್ನೆರಡು ಸಲ ಓಡಿಸೋ ಹಾಗೆ ರೀಟ್ರೈ ಇಡಿ. ದೊಡ್ಡ ತಂಡಗಳೂ ಇಟ್ಟಿರ್ತವೆ. ಎಕ್ಸ್‌ಕೋಡ್ 13ರಿಂದ ರೀಟ್ರೈ-ಟೆಸ್ಟ್ಸ್-ಆನ್-ಫೇಲ್ಯೂರ್ ಅನ್ನೋದು ಎಕ್ಸ್‌ಕೋಡ್‌ಬಿಲ್ಡ್‌ನಲ್ಲೇ ಇದೆಯಲ್ಲ.

ಹಳೇಟರ್ಮಿನಲ್
> ಇಷ್ಟೆಲ್ಲ ಯಾಕೆ?

ಲೆಕ್ಕ ಹಾಕಿ ನೋಡೋಣ. ಪ್ರತಿ ಟೆಸ್ಟ್ 100ಕ್ಕೆ ಒಂದು ಸಲ ಸುಮ್ಮನೆ ಬೀಳುತ್ತೆ ಅಂದ್ಕೊಳ್ಳಿ. 200 ಟೆಸ್ಟ್ ಒಟ್ಟಿಗೆ ಹಸಿರಾಗೋ ಸಾಧ್ಯತೆ 0.99ರ 200ನೇ ಘಾತ, ಅಂದ್ರೆ ಸುಮಾರು 13%. ಏಳೆಂಟು ಸಲಕ್ಕೆ ಒಂದು ಸಲ ಮಾತ್ರ ಹಸಿರು. ಒಂದೇ ಒಂದು ರೀಟ್ರೈ ಇಟ್ಟರೆ ಅದು 98%ಗೆ ಏರುತ್ತೆ. ಹಾಗಾಗಿ ರೀಟ್ರೈಗೆ ಬೆಲೆ ಇದೆ, ಒಪ್ಪಿದೆ.

ತೊಂದರೆ ಎಲ್ಲಿ ಅಂದ್ರೆ, 100ಕ್ಕೆ ಒಂದು ಸಲ ಬೀಳೋದು ಟೆಸ್ಟ್‌ನ ದೋಷವೋ ಆ್ಯಪ್‌ನ ರೇಸ್ ಕಂಡೀಶನ್ನೋ (ಎರಡು ಕೆಲಸಗಳ ಕ್ರಮ ತಪ್ಪಿದಾಗ ಬರೋ ದೋಷ) ಅಂತ ರೀಟ್ರೈಗೆ ಗೊತ್ತಾಗಲ್ಲ. ಎರಡನ್ನೂ ಒಂದೇ ಸಮ ಮುಚ್ಚಿಹಾಕುತ್ತೆ. ಬಳಕೆದಾರರ ಕೈಲಿ ಆ ರೇಸ್‌ಗೆ ರೀಟ್ರೈ ಇರಲ್ಲ. ಎರಡನೇ ಸಲ ಪಾಸ್ ಆದದ್ದನ್ನ "ಪಾಸ್" ಅಂತ ಬರೀಬೇಡಿ, "ಫ್ಲೇಕಿ" ಅಂತ ಬೇರೆ ಪಟ್ಟಿಗೆ ಹಾಕಿ, ಮೊದಲ ಸಲದ ಲಾಗ್ ಅಳಿಸದೆ ಇಡಿ.

ತಾಳ್ಮೆಟೆಸ್ಟರ್
+1. ರೀಟ್ರೈ ಸಂಖ್ಯೆ 1ಕ್ಕೆ ನಿಲ್ಲಿಸಿ. ಪಟ್ಟಿಗೆ ಬಂದ ಟೆಸ್ಟ್‌ಗೆ ಒಬ್ಬರ ಹೆಸರು, ಒಂದು ಗಡುವು ಇರಲಿ. ಗಡುವು ಮುಗಿದರೂ ಸರಿ ಆಗದಿದ್ದರೆ ಆ ಟೆಸ್ಟ್ ಅಳಿಸಿ. ಯಾರೂ ನಂಬದ ಟೆಸ್ಟ್ ಇದ್ದೂ ಇಲ್ಲದ ಹಾಗೆ.

ಮತ್ತೆ ಆ ನೋರೀಸೆಟ್ ಟ್ರೂ ಬಗ್ಗೆ. ಹಿಂದಿನ ಟೆಸ್ಟ್ ಬಿಟ್ಟುಹೋದ ಕಾರ್ಟ್, ಫಿಲ್ಟರ್, ಅರ್ಧ ತುಂಬಿದ ಫಾರಂ ಎಲ್ಲ ಮುಂದಿನದಕ್ಕೆ ಸಿಗುತ್ತೆ. ಟೆಸ್ಟ್‌ಗಳ ಕ್ರಮ ಕಲಸಿ ಓಡಿಸಿ ನೋಡಿ, ಎಷ್ಟು ಒಂದಕ್ಕೊಂದು ಅಂಟಿಕೊಂಡಿವೆ ಗೊತ್ತಾಗುತ್ತೆ. ಲಾಗಿನ್ ಸಮಯ ಉಳಿಸಬೇಕಾದರೆ ಡೇಟಾ ಅಳಿಸಿ, ಟೆಸ್ಟ್ ಬಿಲ್ಡ್‌ನಲ್ಲಿ ಮಾತ್ರ ಇರೋ ಡೀಪ್ ಲಿಂಕ್ ಮೂಲಕ ಟೋಕನ್ ಕೊಡಿ. ಯುಐ ಮೂಲಕ ಲಾಗಿನ್ ಮಾಡೋ ಟೆಸ್ಟ್ ಒಂದೆರಡು ಸಾಕು.

ಸೇಬುತೋಟ
ಐಒಎಸ್‌ನಲ್ಲಿ ಇನ್ನೊಂದು ಗುಟ್ಟು: ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೂ ಕೀಚೈನ್‌ನಲ್ಲಿ (ಪಾಸ್‌ವರ್ಡ್, ಟೋಕನ್ ಇಡೋ ಸಿಸ್ಟಂ ಜಾಗ) ಇಟ್ಟದ್ದು ಹೋಗಲ್ಲ. ಟೋಕನ್ ಕೀಚೈನ್‌ನಲ್ಲಿದ್ದರೆ "ಹೊಸ ಬಳಕೆದಾರ" ಟೆಸ್ಟ್ ಹಳೇ ಲಾಗಿನ್‌ನೊಂದಿಗೆ ಶುರುವಾಗುತ್ತೆ. ಸಿಮ್‌ಸಿಟಿಎಲ್ ಕೀಚೈನ್ ರೀಸೆಟ್ ಓಡಿಸಿ, ಇಲ್ಲ ಸಿಮ್ಯುಲೇಟರ್ ಪೂರ್ತಿ ಎರೇಸ್ ಮಾಡಿ.

ರಿಯಾಕ್ಟ್‌ರಾಗ
ಎಲ್ಲರೂ ಆ್ಯಪಿಯಂ ರಿಪೇರಿ ಮಾಡ್ತಿದ್ದೀರಿ, ರಿಯಾಕ್ಟ್ ನೇಟಿವ್‌ಗೆ ಅಂತಲೇ ಹುಟ್ಟಿದ ಡೀಟಾಕ್ಸ್ ಇದೆ ಮಾರಾಯ್ರೆ. ಅದು ಆ್ಯಪ್‌ನ ಒಳಗೇ ಕೂತು ನೆಟ್‌ವರ್ಕ್ ಕೋರಿಕೆ, ಟೈಮರ್, ಅನಿಮೇಶನ್ ಎಲ್ಲ ಮುಗಿದಿದೆಯಾ ನೋಡಿ ಆಮೇಲೆ ಟ್ಯಾಪ್ ಮಾಡುತ್ತೆ. ಹೊರಗಿನಿಂದ ಊಹಿಸಿ ಕಾಯೋ ಟೂಲ್‌ಗಳಿಗೆ ಇದು ಸಾಧ್ಯವೇ ಇಲ್ಲ.

ಒಂದು ಎಚ್ಚರಿಕೆ: ನಿಲ್ಲದೆ ತಿರುಗೋ ಅನಿಮೇಶನ್ ಅಥವಾ ಉತ್ತರಕ್ಕೆ ಕಾದು ತೆರೆದೇ ಇರೋ ನೆಟ್‌ವರ್ಕ್ ಕೋರಿಕೆ (ಲಾಂಗ್ ಪೋಲಿಂಗ್) ಇದ್ದರೆ ಡೀಟಾಕ್ಸ್ ಕಾದು ಕಾದು ನಿಂತುಬಿಡುತ್ತೆ. ಪೋಲಿಂಗ್ ಯುಆರ್‌ಎಲ್ ಅನ್ನು ಬ್ಲ್ಯಾಕ್‌ಲಿಸ್ಟ್‌ಗೆ ಹಾಕಬೇಕು. ಅನಿಮೇಶನ್ ತೆಗೆಯೋಕೆ ಆಗದಿದ್ದರೆ ಆ ಪುಟದ ಮಟ್ಟಿಗೆ ಸಿಂಕ್ರನೈಸೇಶನ್ ಆಫ್ ಮಾಡಿ, ಮತ್ತೆ ಆನ್ ಮಾಡೋದು ಮರೀಬಾರದು.

ಹಳೇಟರ್ಮಿನಲ್
ಡೀಟಾಕ್ಸ್ ಒಳ್ಳೇ ಟೂಲ್, ಹೊಸದಾಗಿ ಶುರು ಮಾಡೋರಿಗೆ ನಾನೂ ಅದನ್ನೇ ಹೇಳ್ತೀನಿ. ಆದರೆ ಐಫೋನ್ ಸಾಧನದ ಮೇಲೆ ಅದು ಓಡಲ್ಲ, ಸಿಮ್ಯುಲೇಟರ್ ಮಾತ್ರ. ಆ್ಯಪ್ ಬಿಟ್ಟು ಹೊರಗೆ ಹೋಗೋ ಹರಿವು, ಅಂದ್ರೆ ಬ್ರೌಸರ್‌ನಲ್ಲಿ ಪಾವತಿ, ಬೇರೆ ಆ್ಯಪ್‌ನಿಂದ ಹಂಚಿಕೆ, ಅದಕ್ಕೂ ಕಷ್ಟ.

ರಿಯಾಕ್ಟ್‌ರಾಗ
ಸಾಧನದ ಮೇಲೆ ನಾಲ್ಕು ಮುಖ್ಯ ಹರಿವು ಆ್ಯಪಿಯಂನಲ್ಲಿಡಿ, ಉಳಿದದ್ದು ಡೀಟಾಕ್ಸ್. ಎರಡೂ ಇಟ್ಟುಕೊಳ್ಳಬಾರದು ಅಂತ ಏನಿಲ್ಲ.

ಕೋಟ್ಲಿನ್‌ಕೂಸು
ಸಿಮ್ಯುಲೇಟರ್‌ನಲ್ಲಿ ಪಾಸ್ ಆದದ್ದು ಸಾಧನದಲ್ಲಿ ಬೀಳೋದು ಅಷ್ಟು ಸಾಮಾನ್ಯವಾ? ನಮ್ಮಲ್ಲಿ ಆಂಡ್ರಾಯ್ಡ್ ಮಾತ್ರ, ಅದಕ್ಕೆ ಕೇಳಿದೆ.

ಸೇಬುತೋಟ
ಐಒಎಸ್‌ನಲ್ಲಿ ಸಾಮಾನ್ಯವೇ. ಸಿಮ್ಯುಲೇಟರ್ ಅಂದ್ರೆ ಫೋನಿನ ನಕಲು ಅಲ್ಲ, ಮ್ಯಾಕ್ ಮೇಲೆ ಮ್ಯಾಕ್‌ನ ಪ್ರಾಸೆಸ್ ಆಗಿ ಓಡೋ ಐಒಎಸ್ ಚೌಕಟ್ಟು. ಒಂದು ಉದಾಹರಣೆ: ಫೈಲ್ ಹೆಸರು ಇಂಗ್ಲಿಷ್‌ನ ದೊಡ್ಡಕ್ಷರದ "L"ನಿಂದ ಶುರುವಾಗೋ ಲೋಗೊ, ಕೋಡ್‌ನಲ್ಲಿ ಚಿಕ್ಕಕ್ಷರ. ಮ್ಯಾಕ್‌ನ ಎಪಿಎಫ್‌ಎಸ್ ಫೈಲ್ ವ್ಯವಸ್ಥೆ ಡೀಫಾಲ್ಟ್ ಆಗಿ ದೊಡ್ಡ-ಚಿಕ್ಕ ಅಕ್ಷರ ಬೇರೆ ಮಾಡಲ್ಲ, ಸಿಮ್ಯುಲೇಟರ್‌ನಲ್ಲಿ ಚಿತ್ರ ಬರುತ್ತೆ. ಐಫೋನ್‌ನ ಫೈಲ್ ವ್ಯವಸ್ಥೆ ಬೇರೆ ಮಾಡುತ್ತೆ, ಅಲ್ಲಿ ಚಿತ್ರ ಖಾಲಿ. ಮೆಮೊರಿಯೂ ಅಷ್ಟೇ: ಫೋನ್‌ನಲ್ಲಿ ಮಿತಿ ಮೀರಿದರೆ ಜೆಟ್‌ಸ್ಯಾಮ್ ಅನ್ನೋ ಐಒಎಸ್ ವ್ಯವಸ್ಥೆ ಆ್ಯಪ್ ಅನ್ನು ಮುಗಿಸುತ್ತೆ, ಸಿಮ್ಯುಲೇಟರ್‌ಗೆ ಮ್ಯಾಕ್‌ನ ಇಡೀ ಮೆಮೊರಿ ಸಿಗುತ್ತೆ. ದೊಡ್ಡ ಫೋಟೊ ಸಂಸ್ಕರಿಸೋ ಆ್ಯಪ್ ಆದರೆ ಇದು ಆ್ಯಪ್ ಸ್ಟೋರ್‌ಗೆ ಹೋದ ಮೇಲೇ ಗೊತ್ತಾಗುತ್ತೆ.

ಉಲ್ಟಾ ಕೂಡ ಇದೆ. ರೇಸ್ ಹಿಡಿಯೋ ಥ್ರೆಡ್ ಸ್ಯಾನಿಟೈಸರ್ ಸಿಮ್ಯುಲೇಟರ್‌ನಲ್ಲಿ ಓಡುತ್ತೆ, ಐಫೋನ್ ಮೇಲೆ ಓಡಲ್ಲ. 2ರಿಂದ 20 ಪಟ್ಟು ನಿಧಾನ ಆಗುತ್ತೆ, ಮೆಮೊರಿ 5ರಿಂದ 10 ಪಟ್ಟು. ಹಾಗಾಗಿ ಅದನ್ನ ಯುನಿಟ್ ಟೆಸ್ಟ್‌ಗಳ ಜೊತೆ ರಾತ್ರಿ ಜಾಬ್‌ನಲ್ಲಿಡಿ.

ಕೋಟ್ಲಿನ್‌ಕೂಸು
ಧನ್ಯವಾದ. ಮೆಮೊರಿ ಮಾತು ಬಂತಲ್ಲ, ಆಂಡ್ರಾಯ್ಡ್‌ನಲ್ಲಿ ಹಿನ್ನೆಲೆಯಲ್ಲಿದ್ದ ಆ್ಯಪ್ ಅನ್ನು ಸಿಸ್ಟಂ ಕೊಂದ ಮೇಲೆ ಬಳಕೆದಾರರು ವಾಪಸ್ ಬಂದರೆ ಏನಾಗುತ್ತೆ ಅಂತ ಫೋರ್ಸ್-ಸ್ಟಾಪ್ ಮಾಡಿ ಪರೀಕ್ಷೆ ಮಾಡಬಹುದು. ಸುಲಭ.

ಬೂಟ್‌ಲೂಪ್
ಅದು ತಪ್ಪು ಪರೀಕ್ಷೆ ಆಗುತ್ತೆ. ಎಡಿಬಿಯ ಎಎಂ ಫೋರ್ಸ್-ಸ್ಟಾಪ್ ಮಾಡಿದರೆ ಪ್ರಾಸೆಸ್ ಜೊತೆ ಉಳಿಸಿಟ್ಟ ಸ್ಥಿತಿಯೂ ಹೋಗುತ್ತೆ, ಮುಂದಿನ ಸಲ ಆ್ಯಪ್ ಹೊಚ್ಚ ಹೊಸದಾಗಿ ತೆರೆಯುತ್ತೆ. ಸಿಸ್ಟಂ ಕೊಂದಾಗ ಹಾಗಲ್ಲ, ಸ್ಥಿತಿಯ ಬಂಡಲ್ ಉಳಿದಿರುತ್ತೆ, ಅದರಿಂದಲೇ ಆ್ಯಕ್ಟಿವಿಟಿ ಮತ್ತೆ ಏಳುತ್ತೆ. ಕ್ರ್ಯಾಶ್ ಆಗೋದು ಈ ಎರಡನೇ ದಾರಿಯಲ್ಲಿ.

ಸರಿಯಾದ ಕ್ರಮ: ಆ್ಯಪ್‌ನ ಒಳಗಿನ ಪುಟಕ್ಕೆ ಹೋಗಿ, ಹೋಮ್ ಒತ್ತಿ, ಎರಡು ಸೆಕೆಂಡ್ ಬಿಟ್ಟು ಎಎಂ ಕಿಲ್ ಜೊತೆ ಪ್ಯಾಕೇಜ್ ಹೆಸರು ಕೊಡಿ. ಮುಂದೆ ಕಾಣ್ತಿರೋ ಆ್ಯಪ್ ಅನ್ನು ಎಎಂ ಕಿಲ್ ಮುಟ್ಟಲ್ಲ, ಅದಕ್ಕೇ ಹೋಮ್ ಮೊದಲು. ಆಮೇಲೆ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ತೆರೆಯಿರಿ. ಪಿಐಡಿ (ಪ್ರಾಸೆಸ್ ಸಂಖ್ಯೆ) ಬದಲಾಗಿದೆಯಾ ನೋಡಿ, ಬದಲಾಗದಿದ್ದರೆ ಪರೀಕ್ಷೆ ಆಗೇ ಇಲ್ಲ.

ಹಸಿರುಬಿಲ್ಡ್ ಅವರೇ, ನಿಮಗೂ ಇದು ಬೇಕಾಗುತ್ತೆ. ರಿಯಾಕ್ಟ್ ನೇಟಿವ್ ಸ್ಕ್ರೀನ್ಸ್ ಲೈಬ್ರರಿ ಇದ್ದು, ಮೇನ್‌ಆ್ಯಕ್ಟಿವಿಟಿಯ ಆನ್‌ಕ್ರಿಯೇಟ್‌ನಲ್ಲಿ ಸೂಪರ್‌ಗೆ ನಲ್ ಕೊಡದಿದ್ದರೆ ಈ ಹಂತದಲ್ಲಿ "ಸ್ಕ್ರೀನ್ ಫ್ರಾಗ್ಮೆಂಟ್‌ಗಳನ್ನು ಮರುಸ್ಥಾಪಿಸಬಾರದು" ಅನ್ನೋ ಅರ್ಥದ ಎಕ್ಸೆಪ್ಶನ್‌ನೊಂದಿಗೆ ಬೀಳುತ್ತೆ.

ಕೋಟ್ಲಿನ್‌ಕೂಸು
ಎಎಂ ಕಿಲ್ ಈ ರೀತಿ ಅಂತ ಗೊತ್ತಿರಲಿಲ್ಲ. ಉಪಯೋಗ ಆಯ್ತು ಸಾರ್.

ಹಸಿರುಬಿಲ್ಡ್
ನೋಡ್ತೀನಿ. ಡೆಸ್ಕ್‌ಟಾಪ್ ಕಡೆಗೆ ಬರ್ತೀನಿ: ಎಲೆಕ್ಟ್ರಾನ್‌ಗೆ ಇನ್ನೂ ಸ್ಪೆಕ್ಟ್ರಾನ್‌ನಲ್ಲಿ ಬರೆದ ಹಳೇ ಟೆಸ್ಟ್ ಇವೆ. ಪ್ಲೇರೈಟ್ ಅನ್ನೋ ಟೆಸ್ಟ್ ಟೂಲ್‌ಗೆ ತರೋಣ ಅಂತ ನೋಡಿದರೆ ಡೆವಲಪ್‌ಮೆಂಟ್ ಬಿಲ್ಡ್ ತೆರೆಯುತ್ತೆ, ಪ್ಯಾಕೇಜ್ ಮಾಡಿದ್ದು ಟೈಮ್‌ಔಟ್.

ಕಿಟಕಿಬಾಗಿಲು
ಸ್ಪೆಕ್ಟ್ರಾನ್ 2022ರ ಫೆಬ್ರವರಿಯಲ್ಲೇ ನಿಂತಿದೆ, ಹೊರಬನ್ನಿ. ಪ್ಲೇರೈಟ್‌ನ ಎಲೆಕ್ಟ್ರಾನ್ ಬೆಂಬಲ ಪ್ರಾಯೋಗಿಕ ಅಂತ ಹಣೆಪಟ್ಟಿ ಇದ್ದರೂ ಕೆಲಸಕ್ಕೆ ಬರುತ್ತೆ.

ಟೈಮ್‌ಔಟ್‌ಗೆ ಫ್ಯೂಸ್ (ಪ್ಯಾಕೇಜ್‌ನಲ್ಲೇ ಕೂರೋ ಎಲೆಕ್ಟ್ರಾನ್‌ನ ಆನ್-ಆಫ್ ಸ್ವಿಚ್) ನೋಡಿ. ಭದ್ರತೆಗೆ ಅಂತ ಪ್ಯಾಕೇಜಿಂಗ್ ವೇಳೆ ಎನೇಬಲ್‌ನೋಡ್‌ಸಿಎಲ್‌ಐಇನ್‌ಸ್ಪೆಕ್ಟ್‌ಆರ್ಗ್ಯುಮೆಂಟ್ಸ್ ಅನ್ನೋ ಫ್ಯೂಸ್ ಆಫ್ ಮಾಡಿರ್ತಾರೆ. ಪ್ಲೇರೈಟ್ ಒಳಬರೋದೇ ಆ ಬಾಗಿಲಿಂದ. ಬಿಡುಗಡೆ ಮಾಡೋ ಬಿಲ್ಡ್‌ನಲ್ಲಿ ಆಫ್ ಇರಲಿ, ಟೆಸ್ಟ್‌ಗೆ ಅದೊಂದೇ ಬೇರೆ ಇರೋ ಇನ್ನೊಂದು ಪ್ಯಾಕೇಜ್ ಮಾಡಿ.

ಸಮಾನಾಂತರವಾಗಿ ಓಡಿಸೋವಾಗ ಎರಡನೇ ವರ್ಕರ್ ತೆರೆದ ಕೂಡಲೇ ಮುಚ್ಚಿದರೆ ಅದು ಸಿಂಗಲ್ ಇನ್‌ಸ್ಟೆನ್ಸ್ ಲಾಕ್. ಆ ಲಾಕ್ ಯೂಸರ್ ಡೇಟಾ ಫೋಲ್ಡರ್‌ಗೆ ಕಟ್ಟಿರುತ್ತೆ, ವರ್ಕರ್‌ಗೊಂದು ತಾತ್ಕಾಲಿಕ ಯೂಸರ್-ಡೇಟಾ-ಡಿರ್ ಕೊಟ್ಟರೆ ಲಾಕೂ ಬಿಡುತ್ತೆ, ಸ್ಥಿತಿಯೂ ಬೆರೆಯಲ್ಲ. ಫೈಲ್ ತೆರೆಯೋ ಸಿಸ್ಟಂ ಡೈಲಾಗ್ ಪ್ಲೇರೈಟ್ ಕೈಗೆ ಸಿಗಲ್ಲ; ಮೇನ್ ಪ್ರಾಸೆಸ್‌ನಲ್ಲಿ ಇವ್ಯಾಲ್ಯುಏಟ್ ಮಾಡಿ ಶೋಓಪನ್‌ಡೈಲಾಗ್ ಅನ್ನು ನಿಮ್ಮ ಫೈಲ್ ದಾರಿ ಕೊಡೋ ಫಂಕ್ಷನ್‌ಗೆ ಬದಲಿಸಿ. ಲಿನಕ್ಸ್ ರನ್ನರ್‌ನಲ್ಲಿ ಡಿಸ್‌ಪ್ಲೇ ಇರಲ್ಲ, ಎಕ್ಸ್‌ವಿಎಫ್‌ಬಿ-ರನ್ ಅಡಿ ಓಡಿಸಿ.

ಲಾಗ್‌ಪ್ರೇಮಿ
ಲಿನಕ್ಸ್‌ಗೆ ಬೈನರಿ ಕೊಡೋರು ಬೆಂಬಲಿಸೋ ಅತಿ ಹಳೇ ಆವೃತ್ತಿಯ ಮೇಲೆ ಬಿಲ್ಡ್ ಮಾಡಬೇಕು. ಹೊಸ ಗ್ಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಮೇಲೆ ಕಟ್ಟಿದ ನೇಟಿವ್ ಮಾಡ್ಯೂಲ್ ಹಳೇ ಮೆಷಿನ್‌ನಲ್ಲಿ "ಗ್ಲಿಬ್‌ಸಿ 2.34 ಸಿಗಲಿಲ್ಲ" ಅಂತ ಬೀಳುತ್ತೆ. ಟೆಸ್ಟ್ ಮಾಡೋದೂ ಅದೇ ಹೊಸ ರನ್ನರ್ ಮೇಲೆ ಆದರೆ ಎಂದೂ ಗೊತ್ತಾಗಲ್ಲ.

ಕಿಟಕಿಬಾಗಿಲು
ವಿಂಡೋಸ್‌ನಲ್ಲಿ ಅದರ ತಮ್ಮ ವಿಸಿರನ್‌ಟೈಮ್140 ಡಿಎಲ್‌ಎಲ್ ಅನ್ನೋ ಲೈಬ್ರರಿ ಫೈಲ್. ಡೆವಲಪರ್ ಮೆಷಿನ್‌ನಲ್ಲಿ ವಿಶುವಲ್ ಸ್ಟುಡಿಯೊ ಜೊತೆ ಬಂದಿರುತ್ತೆ, ಬಳಕೆದಾರರಲ್ಲಿ ಇರಲ್ಲ. ವಿಂಡೋಸ್ ಪ್ರೊದಲ್ಲಿ ಸ್ಯಾಂಡ್‌ಬಾಕ್ಸ್ ಇದೆ, ತೆರೆದಾಗೆಲ್ಲ ಹೊಸ ವಿಂಡೋಸ್. ಇನ್‌ಸ್ಟಾಲರ್ ಅನ್ನು ಅಲ್ಲಿ ಹಾಕಿ ನೋಡೋದು ಐದು ನಿಮಿಷದ ಕೆಲಸ. ಡಿಸ್‌ಪ್ಲೇ ಸ್ಕೇಲ್ 100, 125, 150 ಮೂರರಲ್ಲೂ ನೋಡಿ.

ಸೇಬುತೋಟ
ಮ್ಯಾಕ್‌ನಲ್ಲೂ ಅದೇ ಮಾತು. ನೀವೇ ಬಿಲ್ಡ್ ಮಾಡಿದ ಆ್ಯಪ್‌ಗೆ ಕ್ವಾರಂಟೈನ್ ಗುರುತು (ಇಂಟರ್ನೆಟ್‌ನಿಂದ ಇಳಿಸಿದ್ದು ಅನ್ನೋ ಗುರುತು) ಇರಲ್ಲ, ಅಂಥದ್ದನ್ನ ತಡೆದು ನೋಡೋ ಗೇಟ್‌ಕೀಪರ್ ಸುಮ್ಮನಿರುತ್ತೆ. ಸರ್ವರ್‌ಗೆ ಏರಿಸಿ, ಬ್ರೌಸರ್‌ನಿಂದ ಇಳಿಸಿ, ಬೇರೆ ಮೆಷಿನ್‌ನಲ್ಲಿ ಎರಡು ಸಲ ಕ್ಲಿಕ್ ಮಾಡಿ ನೋಡಿ. ನೋಟರೈಸೇಶನ್‌ಗೆ (ಆ್ಯಪಲ್‌ನ ತಪಾಸಣೆಯ ಮುದ್ರೆ) ಇನ್ನೂ ಆಲ್ಟೂಲ್ ಬಳಸೋ ಸ್ಕ್ರಿಪ್ಟ್ ಇದ್ದರೆ ನೋಟರಿಟೂಲ್‌ಗೆ ಬದಲಿಸಿ, ಆಲ್ಟೂಲ್ ದಾರಿ 2023ರ ನವೆಂಬರ್ 1ರಿಂದ ಮುಚ್ಚಿದೆ. ಸ್ಟೇಪಲರ್ ವ್ಯಾಲಿಡೇಟ್ ಓಡಿಸೋದು ಬಿಡಬೇಡಿ, ಆ ಮುದ್ರೆ ಸ್ಟೇಪಲ್ ಆಗದ (ಅಂಟಿಸದ) ಆ್ಯಪ್ ಇಂಟರ್ನೆಟ್ ಇಲ್ಲದ ಮೆಷಿನ್‌ನಲ್ಲಿ ತೆರೆಯಲ್ಲ.

ಹಸಿರುಬಿಲ್ಡ್
ಫ್ಯೂಸೇ ಕಾರಣ, ಟೆಸ್ಟ್ ಪ್ಯಾಕೇಜ್ ಬೇರೆ ಮಾಡಿದ ಮೇಲೆ ತೆರೀತು. ಟೂಲ್ ಬದಲಿಸೋ ಮಾತು ಸದ್ಯಕ್ಕೆ ಬಿಟ್ಟೆ. ಇನ್ನೊಂದು ಉಳಿದಿದೆ: ವಿಂಡೋಸ್ ಟೆಸ್ಟ್ ಮೆಷಿನ್‌ಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗಿ ನೋಡ್ತಾ ಇದ್ದರೆ ಸಿಸ್ಟಂ ಟ್ರೇ ಮತ್ತು ಇನ್‌ಸ್ಟಾಲರ್ ಟೆಸ್ಟ್ ಪಾಸ್, ಕಿಟಕಿ ಮುಚ್ಚಿ ಹೋದರೆ ಅಲ್ಲಿಂದ ಮುಂದೆ ಎಲ್ಲ ಫೇಲ್. ಇವು ಫ್ಲಾಯುಐ ಅನ್ನೋ ವಿಂಡೋಸ್ ಯುಐ ಟೆಸ್ಟ್ ಲೈಬ್ರರಿಯಲ್ಲಿವೆ.

ಕಿಟಕಿಬಾಗಿಲು
ರಿಮೋಟ್ ಡೆಸ್ಕ್‌ಟಾಪ್ ಕಿಟಕಿ ಮುಚ್ಚಿದ ಕೂಡಲೇ ಆ ಸೆಶನ್ ಲಾಕ್ ಆಗುತ್ತೆ, ಮೌಸ್-ಕೀಬೋರ್ಡ್ ಇನ್‌ಪುಟ್‌ಗೆ ಡೆಸ್ಕ್‌ಟಾಪ್ ಸಿಗಲ್ಲ. ಕಿಟಕಿ ಮುಚ್ಚೋ ಬದಲು ಅಡ್ಮಿನ್ ಆಗಿ ಟಿಎಸ್‌ಕಾನ್, ಸೆಶನ್ ಸಂಖ್ಯೆ, ಡೆಸ್ಟ್ ಕನ್ಸೋಲ್ ಅಂತ ಕೊಡಿ, ಸೆಶನ್ ಲಾಕ್ ಆಗದೆ ಕನ್ಸೋಲ್‌ಗೆ ಹೋಗುತ್ತೆ, ನಿಮ್ಮ ರಿಮೋಟ್ ಸಂಪರ್ಕ ತಾನಾಗಿ ಕಡಿಯುತ್ತೆ. ಸೆಶನ್ ಸಂಖ್ಯೆ ಕ್ವೆರಿ ಸೆಶನ್‌ನಲ್ಲಿ ಸಿಗುತ್ತೆ. ಕನ್ಸೋಲ್‌ಗೆ ಹೋದ ಮೇಲೆ ರೆಸಲ್ಯೂಶನ್ ಬದಲಾಗಬಹುದು, ಟೆಸ್ಟ್ ಶುರುವಿನಲ್ಲೇ ಅದನ್ನ ಲಾಗ್ ಮಾಡಿ.

ಸಿಐ ಏಜೆಂಟ್ ಸರ್ವಿಸ್ ಆಗಿ ಓಡ್ತಿದೆಯಾ ಅಂತಲೂ ನೋಡಿ. ಸರ್ವಿಸ್ ಇರೋದು ಸೆಶನ್ 0ಯಲ್ಲಿ, ಅಲ್ಲಿ ಬಳಕೆದಾರರ ಡೆಸ್ಕ್‌ಟಾಪೇ ಇಲ್ಲ. ಆಟೊಲಾಗಾನ್ ಇಟ್ಟು, ಏಜೆಂಟ್ ಅನ್ನು ಸಾಮಾನ್ಯ ಪ್ರೋಗ್ರಾಂ ಆಗಿ ಸ್ಟಾರ್ಟಪ್‌ನಲ್ಲಿ ಶುರು ಮಾಡಿ. ಪಾಸ್‌ವರ್ಡ್ ಇಲ್ಲದೆ ತೆರೆದಿರೋ ಮೆಷಿನ್ ಆಗುತ್ತಾದ್ದರಿಂದ ಟೆಸ್ಟ್‌ಗೆ ಬಿಟ್ಟು ಬೇರೆ ಯಾವ ಗುಟ್ಟಿನ ಕೀಲಿಯನ್ನೂ ಅಲ್ಲಿ ಇಡಬೇಡಿ.

ಹಸಿರುಬಿಲ್ಡ್
ಏಜೆಂಟ್ ಸರ್ವಿಸ್ ಅಲ್ಲ, ಲಾಕ್ ಆಗೋದೇ ಸಮಸ್ಯೆ. ಟಿಎಸ್‌ಕಾನ್ ಕೊಟ್ಟ ಮೇಲೆ ಈಗ ಓಡ್ತಾ ಇದೆ. ರೆಸಲ್ಯೂಶನ್ 1024×768ಕ್ಕೆ ಇಳಿದಿತ್ತು, ಅದನ್ನೂ ಸ್ಕ್ರಿಪ್ಟ್‌ನಲ್ಲೇ ಹೊಂದಿಸಿದೆ.